ನೀರು ಬೇಡ ಎಂದ ಅಚ್ಚುಕಟ್ಟು: ನೊಯ್ಯಲ್ ನದಿಯ ಉಪ್ಪಿನ ಪ್ರಕರಣ

ನಾಲೆಗೆ ನೀರು ಬಿಡಿ ಎಂದು ರೈತರು ಹೆದ್ದಾರಿಗೆ ಇಳಿಯುವುದು ನಮಗೇನೂ ಹೊಸದಲ್ಲ. ಮಂಡ್ಯದವರನ್ನು ಕೇಳಿದರೆ ಸಾಕು. ಆದರೆ ಸರ್ಕಾರ ಕೋಟಿಗಟ್ಟಲೆ ಸುರಿದು ಅಣೆಕಟ್ಟು ಕಟ್ಟಿಸಿ, ಅದರಲ್ಲಿ ನೀರು ನಿಂತ ಮೇಲೆ, ಆ ನೀರು ನಮ್ಮ ಹೊಲದ ಕಡೆ ಬರುವುದೇ ಬೇಡ ಎಂದು ಅಚ್ಚುಕಟ್ಟಿನ ರೈತರೇ ಕೋರ್ಟಿಗೆ ಹೋದದ್ದು ಕೇಳಿದ್ದೀರಾ? ತಮಿಳುನಾಡಿನ ಒರತ್ತುಪಾಳ್ಯಂನಲ್ಲಿ ಆದದ್ದು ಇದೇ. ಆ ನೀರಿನಲ್ಲಿ ತಿರುಪ್ಪೂರಿನ ಬನಿಯನ್, ಟೀ ಶರ್ಟುಗಳಿಗೆ ಬಣ್ಣ ಹಾಕಿದ ಕೊಳೆ ಇತ್ತು. ಬಣ್ಣಕ್ಕಿಂತ ಜಾಸ್ತಿ ಉಪ್ಪಿತ್ತು.

ಈ ಪ್ರಕರಣವನ್ನು ಸಾಮಾನ್ಯವಾಗಿ ಕೈಗಾರಿಕೆಗೂ ಕೃಷಿಗೂ ನಡೆದ ಜಗಳ ಎಂದು ಹೇಳುತ್ತಾರೆ. ನನಗೆ ಅದಕ್ಕಿಂತ ಸರ್ಕಾರದ ಅಳತೆಗೋಲಿನ ಮೇಲೆ ಕುತೂಹಲ. ಕಾನೂನು ಇತ್ತು. ಮಾಲಿನ್ಯ ನಿಯಂತ್ರಣ ಮಂಡಳಿ ಇತ್ತು. ಎಷ್ಟು ಉಪ್ಪು ಬಿಡಬಹುದು ಎಂಬ ಅಂಕಿಯೂ ಕಾಗದದ ಮೇಲಿತ್ತು. ಆದರೂ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಒಂದು ನದಿಗೆ ಉಪ್ಪು ಸುರಿಯುತ್ತಲೇ ಹೋಯಿತು. ಇದು ಹೇಗೆ ಸಾಧ್ಯವಾಯಿತು?

ಒಣ ನದಿ, ಬೆಳೆದ ಊರು

ನೊಯ್ಯಲ್ ದೊಡ್ಡ ನದಿಯಲ್ಲ. ಕೊಯಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುತ್ತದೆ. ಕೊಯಮತ್ತೂರು, ತಿರುಪ್ಪೂರು, ಈರೋಡು, ಕರೂರು ಜಿಲ್ಲೆಗಳನ್ನು ದಾಟಿ, ನೊಯ್ಯಲ್ ಎಂಬ ಹೆಸರಿನದೇ ಊರಿನ ಹತ್ತಿರ ಕಾವೇರಿ ಸೇರುತ್ತದೆ. ಬೆಟ್ಟದ ಬುಡದಲ್ಲಿ ಒಳ್ಳೆ ಮಳೆ. ಕೆಳಗೆ ಬಂದಂತೆ ಮಳೆನೆರಳಿನ ಒಣ ಸೀಮೆ. ಮಳೆ ಬಿದ್ದಾಗ ಒಂದಷ್ಟು ದಿನ ಹರಿದು, ಉಳಿದ ದಿನ ಬಿಸಿಲಿಗೆ ಮರಳು ಕಾಯಿಸುತ್ತಾ ಬಿದ್ದಿರುವ ನದಿ ಇದು. ಈ ಒಂದು ವಿಷಯ ನೆನಪಿರಲಿ. ಮುಂದೆ ಬೇಕಾಗುತ್ತದೆ.

ಕನ್ನಡಿಗರಿಗೆ ಈ ಸೀಮೆ ಪೂರ್ತಿ ಪರಕೀಯವೂ ಅಲ್ಲ. 1956ರವರೆಗೆ ನಮ್ಮ ಕೊಳ್ಳೇಗಾಲ ಇದ್ದದ್ದು ಕೊಯಮತ್ತೂರು ಜಿಲ್ಲೆಯಲ್ಲೇ. ಮನೆಯಲ್ಲಿ ಕನ್ನಡ ಮಾತಾಡುವ ದೇವಾಂಗ ನೇಕಾರರು ಇವತ್ತಿಗೂ ಆ ಕಡೆ ಇದ್ದಾರೆ. ನೊಯ್ಯಲ್ ಹೋಗಿ ಸೇರುವ ಕಾವೇರಿಯಂತೂ ನಮ್ಮಲ್ಲಿಂದಲೇ ಇಳಿದು ಹೋದದ್ದು.

ತಿರುಪ್ಪೂರು ಮೊದಲು ಬನಿಯನ್ನಿನ ಊರು. 1980ರ ದಶಕದಲ್ಲಿ ರಫ್ತು ಶುರುವಾದ ಮೇಲೆ ಊರಿನ ದಿಕ್ಕೇ ಬದಲಾಯಿತು. ಬಿಳಿ ಬನಿಯನ್ನಿಗೆ ಬ್ಲೀಚಿಂಗ್ ಸಾಕಿತ್ತು. ವಿದೇಶದ ಅಂಗಡಿಗಳಿಗೆ ಬಣ್ಣಬಣ್ಣದ ಟೀ ಶರ್ಟ್ ಬೇಕು. 1981ರಲ್ಲಿ 68 ಇದ್ದ ಬ್ಲೀಚಿಂಗ್ ಮತ್ತು ಡೈಯಿಂಗ್, ಅಂದರೆ ಬಿಳುಪು ಮಾಡುವ ಮತ್ತು ಬಣ್ಣ ಹಾಕುವ, ಘಟಕಗಳು 2001ರ ಹೊತ್ತಿಗೆ 702 ಆದವು. ಹೆಚ್ಚಿನವು ನದಿಯ ದಂಡೆಯಲ್ಲಿ, ಇಲ್ಲವೇ ನದಿಗೆ ಇಳಿಯುವ ಹಳ್ಳದ ಬದಿಯಲ್ಲಿ. ದಿನಕ್ಕೆ ಸುಮಾರು 8 ಕೋಟಿ ಲೀಟರ್ ಕೊಳೆ ನೀರು. ವರ್ಷದ ಬಹುಪಾಲು ದಿನ ನೊಯ್ಯಲ್‌ನಲ್ಲಿ ಹರಿಯುತ್ತಿದ್ದದ್ದು ಈ ನೀರು ಮತ್ತು ಊರಿನ ಚರಂಡಿ. ಅದನ್ನು ನದಿ ಎನ್ನುವುದು ಸುಮ್ನೆ ಮರ್ಯಾದೆಗೆ.

ಒಂದು ಬ್ಯಾಚಿನ ಲೆಕ್ಕ

ಬಣ್ಣ ಹಾಕುವುದಕ್ಕೆ ಉಪ್ಪೇಕೆ ಎಂದು ಕೇಳುವವರಿಗೆ, ಕೆಲಸ ಹೀಗೆ ನಡೆಯುತ್ತದೆ.

ಹತ್ತಿ ಬಟ್ಟೆಯನ್ನು ನೀರಿನಲ್ಲಿ ಅದ್ದಿದಾಗ ಎಳೆಯ ಮೇಲ್ಮೈಯಲ್ಲಿ ಋಣ ವಿದ್ಯುದಾವೇಶ ಇರುತ್ತದೆ. ರಿಯಾಕ್ಟಿವ್ ಡೈ ಎಂದು ಕರೆಯುವ ಬಣ್ಣಕ್ಕೂ ಅದೇ ಆವೇಶ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಬಣ್ಣ ನೀರಿನಲ್ಲೇ ಉಳಿಯುತ್ತದೆ, ಬಟ್ಟೆಗೆ ಹತ್ತುವುದಿಲ್ಲ. ಆಗ ಉಪ್ಪು ಸುರಿಯುತ್ತಾರೆ. ಉಪ್ಪಿನ ಸೋಡಿಯಂ ನಡುವೆ ಬಂದು ಆ ತಳ್ಳಾಟವನ್ನು ತಗ್ಗಿಸುತ್ತದೆ, ಬಣ್ಣ ಎಳೆಯ ಹತ್ತಿರ ಹೋಗುತ್ತದೆ. ಆಮೇಲೆ ಸೋಡಾ ಹಾಕಿದರೆ ಬಣ್ಣ ಗಟ್ಟಿಯಾಗಿ ಕೂರುತ್ತದೆ. ಉಪ್ಪಿನ ಕೆಲಸ ಅಲ್ಲಿಗೆ ಮುಗಿಯಿತು. ಅದು ಬಟ್ಟೆಯಲ್ಲಿ ಉಳಿಯುವುದಿಲ್ಲ. ಹಾಕಿದ ಉಪ್ಪು ಅಷ್ಟೂ ಹೊರಗೆ ಬರಬೇಕು.

ಎಷ್ಟು ಹಾಕುತ್ತಾರೆ? ಕಡು ನೀಲಿ ಅಥವಾ ಕಪ್ಪು ಬಣ್ಣ ಎಂದಿಟ್ಟುಕೊಳ್ಳಿ. ಲೀಟರ್ ನೀರಿಗೆ 80 ಗ್ರಾಂ ಉಪ್ಪು ಮಾಮೂಲು. ಈಗಿನ ಸಾಫ್ಟ್ ಫ್ಲೋ ಯಂತ್ರದಲ್ಲಿ 100 ಕೆಜಿ ಬಟ್ಟೆಗೆ ಒಮ್ಮೆಗೆ ಸುಮಾರು 800 ಲೀಟರ್ ನೀರು ಹಿಡಿಯುತ್ತದೆ. ಅಂದರೆ 64 ಕೆಜಿ ಉಪ್ಪು. ಹಿಂದೆ ಬಳಸುತ್ತಿದ್ದ ವಿಂಚ್ ಯಂತ್ರಕ್ಕೆ ಇದರ ಎರಡು ಪಟ್ಟು ನೀರು ಬೇಕಿತ್ತು. ಅದರಲ್ಲಿ ಬಟ್ಟೆಯ ತೂಕಕ್ಕಿಂತ ಉಪ್ಪಿನ ತೂಕವೇ ಜಾಸ್ತಿಯಾಗುತ್ತಿತ್ತು. ಬಣ್ಣ ಹಾಕಿದ ಮೇಲೆ ನಾಲ್ಕಾರು ಸಲ ಜಾಲಿಸಬೇಕು. ಕೆಜಿ ಬಟ್ಟೆಗೆ 100 ಲೀಟರ್ ನೀರು ಎಂದು ಹಿಡಿದರೆ, 100 ಕೆಜಿ ಬಟ್ಟೆಯಿಂದ 10,000 ಲೀಟರ್ ಕೊಳೆ ನೀರು. ಅದರೊಳಗೆ ಅಷ್ಟೂ ಉಪ್ಪು. ಲೀಟರಿಗೆ 6,000ದಿಂದ 10,000 ಮಿಲಿಗ್ರಾಂ.

ಮನೆಗೆ ಆರ್‌ಒ ಮಾರಲು ಬರುವ ಹುಡುಗ ಪೆನ್ನಿನಂಥ ಮೀಟರ್ ಅದ್ದಿ, ನಿಮ್ಮ ಬೋರ್‌ವೆಲ್ ನೀರಿನ ಟಿಡಿಎಸ್ 900 ಸಾರ್ ಎಂದು ಹೆದರಿಸುತ್ತಾನಲ್ಲ, ಅದೇ ಅಳತೆ ಇದು. ನೀರಿನಲ್ಲಿ ಕರಗಿರುವ ಲವಣದ ಒಟ್ಟು ಪ್ರಮಾಣ. ಕುಡಿಯುವ ನೀರಿಗೆ ಭಾರತೀಯ ಮಾನಕ 500. ಬೇರೆ ನೀರು ಸಿಗದೇ ಹೋದರೆ 2,000ದವರೆಗೆ ಸಹಿಸಿಕೊಳ್ಳಿ ಎನ್ನುತ್ತದೆ.

ಬಣ್ಣ ಕಂಡಿತು, ಉಪ್ಪು ಕಾಣಲಿಲ್ಲ

ಇನ್ನು ಕಾನೂನಿಗೆ ಬರೋಣ. ಜಲ ಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಶುರುವಾದದ್ದು 1982ರಲ್ಲಿ. ಹೆಚ್ಚು ಮಾಲಿನ್ಯ ಮಾಡುವ ಹೊಸ ಕಾರ್ಖಾನೆಗಳು ನದಿಯಿಂದ 1 ಕಿಲೋಮೀಟರ್ ಒಳಗೆ ಬರಬಾರದು ಎಂಬ ಸರ್ಕಾರಿ ಆದೇಶ 1989ರದ್ದು. ಒಳನಾಡಿನ ನೀರಿಗೆ ಬಿಡುವ ಕೊಳೆಯಲ್ಲಿ ಟಿಡಿಎಸ್ 2,100 ಮಿಲಿಗ್ರಾಂ ಮೀರಬಾರದು, ಕ್ಲೋರೈಡ್ 1,000 ಮೀರಬಾರದು ಎಂಬ ಮಿತಿಯೂ ಇತ್ತು. ತಿರುಪ್ಪೂರಿನ ಘಟಕಗಳು ಜಾಸ್ತಿ ಬೆಳೆದದ್ದು ಇದೆಲ್ಲ ಜಾರಿಯಲ್ಲಿದ್ದಾಗಲೇ. ಕಾನೂನು ಇರಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

1990ರ ದಶಕದಲ್ಲಿ ಕೋರ್ಟಿನ ಒತ್ತಡ ಬಂದ ಮೇಲೆ ಶುದ್ಧೀಕರಣ ಘಟಕಗಳು ಬಂದವು. 8 ಸಾಮೂಹಿಕ ಘಟಕಗಳಿಗೆ 278 ಡೈಯಿಂಗ್ ಘಟಕಗಳು ಸೇರಿದವು. 424 ಘಟಕಗಳು ತಮ್ಮದೇ ಸ್ವಂತ ಶುದ್ಧೀಕರಣ ವ್ಯವಸ್ಥೆ ಕಟ್ಟಿಕೊಂಡವು. ನೂರಕ್ಕೂ ಹೆಚ್ಚು ಘಟಕಗಳು ಮುಚ್ಚಿದವು. ಕಾಗದದ ಮೇಲೆ ನೋಡಿದರೆ ಇದು ದೊಡ್ಡ ಗೆಲುವು.

ಆದರೆ ಆ ಘಟಕಗಳು ಮಾಡುತ್ತಿದ್ದದ್ದೇನು? ಕೊಳೆ ನೀರಿಗೆ ಸುಣ್ಣ ಮತ್ತು ಫೆರಸ್ ಸಲ್ಫೇಟ್ ಹಾಕಿ ಕಲಕುತ್ತಿದ್ದರು. ಬಣ್ಣ ಗರಣೆಗಟ್ಟಿ ತಳಕ್ಕೆ ಕೂರುತ್ತಿತ್ತು. ಮೇಲಿನ ತಿಳಿ ನೀರನ್ನು ನದಿಗೆ ಬಿಡುತ್ತಿದ್ದರು. ಬಣ್ಣ ಹೋಯಿತು, ಗಲೀಜು ಕಮ್ಮಿಯಾಯಿತು. ಉಪ್ಪು? ಒಂದು ಗ್ರಾಂ ಕೂಡ ಹೋಗಲಿಲ್ಲ. ಸುಣ್ಣ, ಫೆರಸ್ ಸಲ್ಫೇಟ್ ಸೇರಿಸಿದ್ದರಿಂದ ಕರಗಿದ ಲವಣ ಇನ್ನೂ ಸ್ವಲ್ಪ ಏರುತ್ತಿತ್ತು ಅಷ್ಟೇ. ಟಿಡಿಎಸ್ ತೆಗೆಯಲು ಬಾರದ ತಂತ್ರಕ್ಕೆ ಮಂಡಳಿ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಪತ್ರದಲ್ಲಿ ಮಾತ್ರ ಟಿಡಿಎಸ್ 2,100 ಇರಬೇಕು ಎಂದು ಬರೆದಿತ್ತು. ಈ ಘಟಕ ಕಟ್ಟಿದರೆ ಈ ಅಂಕಿ ಸಿಗುವುದಿಲ್ಲ ಎಂಬುದು ರಸಾಯನಶಾಸ್ತ್ರ ಓದಿದ ಯಾರಿಗಾದರೂ ಮೊದಲ ದಿನವೇ ಗೊತ್ತಿರುವ ಸಂಗತಿ. ನನ್ನ ಪ್ರಕಾರ ಇಡೀ ಪ್ರಕರಣದ ತಪ್ಪು ಶುರುವಾದದ್ದು ಇಲ್ಲಿ. ಕಳ್ಳತನದಲ್ಲಿ ರಾತ್ರಿ ನೀರು ಬಿಡುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹಗಲು ಹೊತ್ತಿನಲ್ಲಿ, ಅನುಮತಿ ಪತ್ರ ಗೋಡೆಗೆ ತೂಗುಹಾಕಿಕೊಂಡು, ಶುದ್ಧೀಕರಣ ಮುಗಿಸಿಯೇ ಬಿಡುತ್ತಿದ್ದ ಉಪ್ಪು ಇದು.

1980ರಿಂದ 2000ದವರೆಗೆ ತಿರುಪ್ಪೂರಿನ ಘಟಕಗಳಿಂದ ಹೊರಬಿದ್ದ ಕರಗಿದ ಲವಣ ಸುಮಾರು 23 ಲಕ್ಷ ಟನ್ ಎಂದು ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಧ್ಯಯನ ಲೆಕ್ಕ ಹಾಕಿತ್ತು. ನದಿ ಅದನ್ನೆಲ್ಲ ಸಮುದ್ರಕ್ಕೆ ಒಯ್ಯಲಿಲ್ಲ. ನೀರು ಇಂಗಿದಲ್ಲೆಲ್ಲ ಉಪ್ಪೂ ಇಂಗಿತು. ತಿರುಪ್ಪೂರಿನ ಬೋರ್‌ವೆಲ್‌ಗಳ ನೀರು ಡೈಯಿಂಗ್‌ಗೇ ಬಾರದಷ್ಟು ಕೆಟ್ಟಿತು. ಕಾರ್ಖಾನೆಗಳು ದೂರದ ಹಳ್ಳಿಗಳ ಬಾವಿಯಿಂದ ಟ್ಯಾಂಕರ್‌ನಲ್ಲಿ ನೀರು ತರಿಸಿಕೊಂಡವು. ಕೊನೆಗೆ ದಿನಕ್ಕೆ 18.5 ಕೋಟಿ ಲೀಟರ್ ಸಾಮರ್ಥ್ಯದ ದೊಡ್ಡ ಯೋಜನೆ ಮಾಡಿ ಭವಾನಿ ಕಡೆಯಿಂದ ನೀರು ತಂದರು. ತಾವು ಕೆಡಿಸಿದ ನೀರನ್ನು ತಾವೇ ಬಳಸಲಾಗದೆ ಇನ್ನೊಂದು ನದಿಗೆ ಕೈಹಾಕಿದರು. ಅದು ಸರ್ಕಾರದ ಒಪ್ಪಿಗೆಯಿಂದಲೇ, ಅಲ್ವಾ?

ಅಣೆಕಟ್ಟು

ತಿರುಪ್ಪೂರಿನಿಂದ ಸುಮಾರು 30 ಕಿಲೋಮೀಟರ್ ಕೆಳಗೆ, ಚೆನ್ನಿಮಲೈ ಹತ್ತಿರ, ಒರತ್ತುಪಾಳ್ಯಂ. ಇಲ್ಲಿ ಸರ್ಕಾರ 1980ರ ದಶಕದಲ್ಲಿ ನೊಯ್ಯಲ್‌ಗೆ ಅಡ್ಡ ಅಣೆಕಟ್ಟು ಕಟ್ಟಲು ಹೊರಟಿತು. ಖರ್ಚು ಸುಮಾರು 16 ಕೋಟಿ. ಹತ್ತು ಸಾವಿರ ಎಕರೆಗೂ ಜಾಸ್ತಿ ಜಮೀನಿಗೆ, ಅದರಲ್ಲೂ ಮುಖ್ಯವಾಗಿ ಕರೂರು ಕಡೆಗೆ, ನೀರು ಕೊಡುವ ಯೋಜನೆ. 1990ರ ದಶಕದ ಶುರುವಿನಲ್ಲಿ ಅಣೆಕಟ್ಟು ತಯಾರಾಯಿತು. ಅಷ್ಟು ಹೊತ್ತಿಗೆ ಮೇಲೆ ಡೈಯಿಂಗ್ ಘಟಕಗಳು ನೂರಾರಾಗಿದ್ದವು. ನೀರಾವರಿ ಇಲಾಖೆ ಅಣೆಕಟ್ಟು ಕಟ್ಟುತ್ತಿತ್ತು, ಮಾಲಿನ್ಯ ಮಂಡಳಿ ಅನುಮತಿ ಕೊಡುತ್ತಿತ್ತು. ಎರಡೂ ಒಂದೇ ಸರ್ಕಾರ, ಒಂದೇ ನದಿ.

ನದಿಯಲ್ಲಿ ಹರಿದು ಹೋಗುತ್ತಿದ್ದ ಕೊಳೆ ಅಣೆಕಟ್ಟಿನ ಹಿಂದೆ ನಿಂತಿತು. ಬಿಸಿಲಿಗೆ ನೀರು ಆವಿಯಾಯಿತು, ಉಪ್ಪು ಹಾಗೇ ಉಳಿಯಿತು. ಸುತ್ತಲಿನ ಬಾವಿಗಳಿಗೆ ಉಪ್ಪು ಇಳಿಯಿತು. ಕೆಳಗೆ ನೀರು ಬಿಟ್ಟಾಗ ಕರೂರಿನ ರೈತರು ಬೇಡ ಎಂದರು, ಬಿಡದೆ ಇಟ್ಟುಕೊಂಡಾಗ ಅಣೆಕಟ್ಟಿನ ಸುತ್ತಲಿನ ಹಳ್ಳಿಯವರು ಬೇಡ ಎಂದರು. ಇಂಜಿನಿಯರುಗಳು ಬಾಗಿಲು ತೆರೆದರೂ ತಪ್ಪು, ಮುಚ್ಚಿದರೂ ತಪ್ಪು.

ಉಪ್ಪು ನೀರು ಹೊಲಕ್ಕೆ ಬಿದ್ದರೆ ಏನಾಗುತ್ತದೆ? ಮಣ್ಣಿನಲ್ಲಿ ತೇವ ಇದ್ದರೂ ಬೇರು ಅದನ್ನು ಹೀರಲಾರದು. ನೀರಿನ ನಡುವೆಯೇ ಗಿಡ ಬಾಡುತ್ತದೆ. ಬಾಳೆಯಲ್ಲಿ ಇದು ಮೊದಲು ಕಾಣುವುದು ಎಲೆಯ ಅಂಚಿನಲ್ಲಿ. ಅಂಚು ಸುಟ್ಟಂತೆ ಕಂದಾಗಿ, ಒಳಗಡೆಗೆ ಹಬ್ಬುತ್ತಾ ಬರುತ್ತದೆ. ಸೋಡಿಯಂ ಜಾಸ್ತಿಯಾದಂತೆ ಜೇಡಿ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿಕೊಳ್ಳುತ್ತವೆ. ಒಣಗಿದಾಗ ಮಣ್ಣು ಹೆಂಟೆಗಟ್ಟಿ ನೇಗಿಲಿಗೆ ಬಗ್ಗುವುದಿಲ್ಲ. ಒಂದು ವರ್ಷ ಒಳ್ಳೆ ನೀರು ಬಂದ ಮಾತ್ರಕ್ಕೆ ಅದು ಸರಿಯಾಗುವುದೂ ಇಲ್ಲ. ಭತ್ತ, ಅರಿಶಿನ, ಬಾಳೆ ಬೆಳೆಯುತ್ತಿದ್ದವರು ತೆಂಗು, ಮೇವಿನ ಹುಲ್ಲಿಗೆ ಇಳಿದರು. ಕೆಲವರು ಜಮೀನು ಬೀಳುಬಿಟ್ಟು ಅದೇ ತಿರುಪ್ಪೂರಿಗೆ ಕೂಲಿಗೆ ಹೋದರು.

ಕೋರ್ಟಿನ ದಾರಿ

1996ರ ಆಗಸ್ಟ್ 28ರಂದು ಸುಪ್ರೀಂ ಕೋರ್ಟ್ ವೆಲ್ಲೂರಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕೆಡಿಸಿದವನೇ ಹಣ ಕಟ್ಟಬೇಕು ಎಂಬ ತತ್ವ ನಮ್ಮ ನೆಲದ ಕಾನೂನಿನ ಭಾಗ ಎಂದು ಹೇಳಿದ್ದು ಅಲ್ಲಿ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ನಮ್ಮ ಗಾದೆಯನ್ನೇ ಕೋರ್ಟು ಕಾನೂನಿನ ಭಾಷೆಯಲ್ಲಿ ಹೇಳಿದಂತಾಯಿತು. ಆ ತೀರ್ಪಿನಂತೆ ಕೇಂದ್ರ ಸರ್ಕಾರ ತಮಿಳುನಾಡಿಗೆ ಪರಿಸರ ನಷ್ಟ ಪ್ರಾಧಿಕಾರವನ್ನು ರಚಿಸಿತು. ನಿವೃತ್ತ ನ್ಯಾಯಮೂರ್ತಿ ಪಿ. ಭಾಸ್ಕರನ್ ಅದರ ಅಧ್ಯಕ್ಷರು.

ಅಚ್ಚುಕಟ್ಟಿನ ರೈತರು ನೊಯ್ಯಲ್ ನದಿ ಅಚ್ಚುಕಟ್ಟುದಾರರ ರಕ್ಷಣಾ ಸಂಘ ಕಟ್ಟಿಕೊಂಡು ಮದ್ರಾಸ್ ಹೈಕೋರ್ಟಿಗೆ ಹೋದರು. ಇತ್ತ ಪ್ರಾಧಿಕಾರ 2004ರ ಡಿಸೆಂಬರ್‌ನಲ್ಲಿ ತನ್ನ ತೀರ್ಮಾನ ಕೊಟ್ಟಿತು. 68 ಹಳ್ಳಿಗಳ 28,596 ರೈತರಿಗೆ ಒಟ್ಟು ಸುಮಾರು 24.8 ಕೋಟಿ ರೂಪಾಯಿ ಪರಿಹಾರ. ಓದಲು ದೊಡ್ಡ ಮೊತ್ತ. ಭಾಗಿಸಿ ನೋಡಿ. ತಲೆಗೆ ಸುಮಾರು 8,700 ರೂಪಾಯಿ. ಹಲವು ವರ್ಷಗಳ ಬೆಳೆ ನಷ್ಟಕ್ಕೆ ಇಷ್ಟು. ಆಗ ತಿರುಪ್ಪೂರಿನ ರಫ್ತು ವರ್ಷಕ್ಕೆ ಸಾವಿರಾರು ಕೋಟಿ.

2006ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬಿಗಿಯಾದ ಆದೇಶ ಹೊರಡಿಸಿತು. 2007ರ ಜುಲೈ ಕೊನೆಯೊಳಗೆ ಎಲ್ಲರೂ ಜೀರೋ ಲಿಕ್ವಿಡ್ ಡಿಸ್ಚಾರ್ಜ್‌ಗೆ ಬರಬೇಕು, ಅಂದರೆ ಒಂದು ಹನಿ ಕೊಳೆಯೂ ಹೊರಗೆ ಹೋಗಬಾರದು. ಅಲ್ಲಿಯವರೆಗೆ ಬಿಡುವ ಪ್ರತಿ ಲೀಟರಿಗೆ ದಂಡ. ಮೊದಲು 6 ಪೈಸೆ, ಆಮೇಲೆ 8, ಆಮೇಲೆ 10. ಅಣೆಕಟ್ಟನ್ನು ಶುಚಿ ಮಾಡುವ ಖರ್ಚೂ ಅವರದೇ.

ಪೈಸೆ ಲೆಕ್ಕದ ಈ ದಂಡ ನನಗೆ ಸರಿಕಾಣುವುದಿಲ್ಲ. ದಿನಕ್ಕೆ 1 ಲಕ್ಷ ಲೀಟರ್ ಬಿಡುವ ಘಟಕಕ್ಕೆ 6 ಪೈಸೆಯಂತೆ 6,000 ರೂಪಾಯಿ, 10 ಪೈಸೆಯಂತೆ 10,000 ರೂಪಾಯಿ. ಅಷ್ಟೇ ನೀರನ್ನು ಕೊನೆಯ ಹನಿಯವರೆಗೆ ಶುದ್ಧ ಮಾಡಿ ಉಪ್ಪು ತೆಗೆಯುವುದಕ್ಕೆ ಇದಕ್ಕಿಂತ ಜಾಸ್ತಿ ಖರ್ಚು ಬರುತ್ತದೆ. ಹಾಗಿದ್ದ ಮೇಲೆ ಲೆಕ್ಕ ಬಲ್ಲ ವ್ಯಾಪಾರಿ ಯಾವುದನ್ನು ಆರಿಸಿಕೊಳ್ಳುತ್ತಾನೆ? ದಂಡವೂ ಕಚ್ಚಾವಸ್ತುವಿನ ಹಾಗೆ ಒಂದು ಖರ್ಚಿನ ಬಾಬ್ತು ಆಗಿಬಿಡುತ್ತದೆ. ಜೊತೆಗೆ ಎಷ್ಟು ಲೀಟರ್ ಬಿಟ್ಟೆವು ಎಂದು ಹೇಳುವವರು ಬಿಟ್ಟವರೇ.

ಡೈಯಿಂಗ್ ಮಾಲೀಕರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ಅಕ್ಟೋಬರ್ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನೇ ಎತ್ತಿಹಿಡಿದು, ಕೆಲಸ ಮುಗಿಸಲು ಮೂರು ತಿಂಗಳು ಕೊಟ್ಟಿತು. ಮೂರು ತಿಂಗಳು ಕಳೆಯಿತು. ಆರು ಕಳೆಯಿತು. ಒಂದು ವರ್ಷವೂ ಕಳೆಯಿತು. ನದಿಗೆ ಕೊಳೆ ಬರುತ್ತಲೇ ಇತ್ತು.

ಕರೆಂಟ್ ಕಿತ್ತ ದಿನ

2011ರ ಜನವರಿ 28. ನ್ಯಾಯಾಂಗ ನಿಂದನೆ ಅರ್ಜಿಯ ಮೇಲೆ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಎಲ್ಲ ಬ್ಲೀಚಿಂಗ್ ಮತ್ತು ಡೈಯಿಂಗ್ ಘಟಕಗಳನ್ನು, ಸಾಮೂಹಿಕ ಶುದ್ಧೀಕರಣ ಘಟಕಗಳನ್ನೂ ಸೇರಿಸಿ, ಮುಚ್ಚಿಸಲು ಹೇಳಿತು. ವಿದ್ಯುತ್ ಸಂಪರ್ಕ ಕಡಿಯಿರಿ ಎಂದಿತು. ಏಳುನೂರಕ್ಕೂ ಹೆಚ್ಚು ಘಟಕಗಳು ನಿಂತವು. ಇಷ್ಟು ವರ್ಷ ನೋಟಿಸು, ಸಮಿತಿ, ಗಡುವುಗಳಿಂದ ಆಗದ್ದು ಮೀಟರ್ ಬೋರ್ಡಿನ ಫ್ಯೂಸ್ ಕಿತ್ತಾಗ ಆಯಿತು. ಮಂಡಳಿಗೆ ಈ ಅಧಿಕಾರ ಇರಲಿಲ್ಲವೇ? ಇತ್ತು. ಜಲ ಕಾಯ್ದೆಗೆ 1988ರಲ್ಲಿ ಸೇರಿಸಿದ ಕಲಂ 33-ಎ ಪ್ರಕಾರ ಕಾರ್ಖಾನೆ ಮುಚ್ಚಿಸಲು, ವಿದ್ಯುತ್, ನೀರು ನಿಲ್ಲಿಸಲು ಮಂಡಳಿಯೇ ಆದೇಶ ಕೊಡಬಹುದು.

ತಿರುಪ್ಪೂರಿನಲ್ಲಿ ಹಾಹಾಕಾರವೆದ್ದಿತು. ಹೆಣೆಯುವುದು, ಹೊಲಿಯುವುದು, ಪ್ಯಾಕ್ ಮಾಡುವುದು ಎಲ್ಲವೂ ಡೈಯಿಂಗ್ ಮೇಲೆ ನಿಂತಿದೆ. ಬಟ್ಟೆಯನ್ನು ಬೇರೆ ಊರಿಗೆ ಕಳಿಸಿ ಬಣ್ಣ ಹಾಕಿಸಿಕೊಂಡು ಬರಬೇಕಾಯಿತು. ಎಷ್ಟೋ ಕೂಲಿಕಾರರು ಗಂಟುಮೂಟೆ ಕಟ್ಟಿದರು. ಅಕ್ಕಪಕ್ಕದ ಜಿಲ್ಲೆಗಳಲ್ಲಿ, ತೋಟದ ಶೆಡ್ಡುಗಳಲ್ಲಿ, ಕದ್ದುಮುಚ್ಚಿ ಡೈಯಿಂಗ್ ಶುರುವಾಯಿತು. ಒಂದು ನದಿಯ ಉಪ್ಪು ಇನ್ನೊಂದು ನದಿಗೆ ಹೋಯಿತು. ಇದನ್ನು ಯಾರಾದರೂ ಮುಂಚೆಯೇ ಊಹಿಸಬಹುದಿತ್ತು. ಒಂದು ಊರಿಗೆ ಮಾತ್ರ ಕಟ್ಟುನಿಟ್ಟು ಮಾಡಿದರೆ ಆಗುವುದೇ ಹೀಗೆ.

ಅದೇ ವರ್ಷ ಬಂದ ಜಯಲಲಿತಾ ಸರ್ಕಾರ ಶುದ್ಧೀಕರಣ ಘಟಕಗಳನ್ನು ಸರಿಪಡಿಸಲು ಸುಮಾರು 200 ಕೋಟಿ ರೂಪಾಯಿ ಬಡ್ಡಿರಹಿತ ಸಾಲ ಕೊಟ್ಟಿತು. ಅರುಳ್‌ಪುರಂ ಸಾಮೂಹಿಕ ಘಟಕದಲ್ಲಿ ಮೊದಲು ಪ್ರಯೋಗ ನಡೆಯಿತು. ಅಲ್ಲಿ ಸರಿಹೋದ ಮೇಲೆ ಒಂದೊಂದಾಗಿ 18 ಸಾಮೂಹಿಕ ಘಟಕಗಳು ತೆರೆದವು.

ತಂತ್ರ ಹೀಗಿದೆ. ಮೊದಲು ಸೂಕ್ಷ್ಮಜೀವಿಗಳಿಂದ ಕೊಳೆ ತಿನ್ನಿಸುತ್ತಾರೆ. ಆಮೇಲೆ ಆರ್‌ಒ. ನೂರು ಲೀಟರ್ ಒಳಗೆ ಹೋದರೆ ಸುಮಾರು 85 ಲೀಟರ್ ಒಳ್ಳೆ ನೀರು ಸಿಗುತ್ತದೆ. ಅದು ವಾಪಸ್ ಡೈಯಿಂಗ್‌ಗೆ. ಉಳಿದ 15 ಲೀಟರಿನಲ್ಲಿ ಅಷ್ಟೂ ಉಪ್ಪು. ಲೀಟರಿಗೆ 7,000 ಮಿಲಿಗ್ರಾಂ ಇದ್ದದ್ದು ಈಗ 46,000 ದಾಟುತ್ತದೆ, ಸಮುದ್ರದ ನೀರಿಗಿಂತ ಉಪ್ಪು. 2006ರ ನಂತರ ಕಟ್ಟಿದ ಘಟಕಗಳು ಮುಗ್ಗರಿಸಿದ್ದು ಇಲ್ಲೇ. ಈ ಗಟ್ಟಿ ಉಪ್ಪು ನೀರನ್ನು ಆವಿ ಮಾಡುವ ಯಂತ್ರಗಳ ಶಕ್ತಿ ಸಾಲುತ್ತಿರಲಿಲ್ಲ, ಕೊಳವೆಗಳಿಗೆ ಕಲ್ಲು ಕಟ್ಟುತ್ತಿತ್ತು. ಅರುಳ್‌ಪುರಂನಲ್ಲಿ ಈ ಉಪ್ಪು ನೀರಿನ ಬಣ್ಣ ತೆಗೆದು, ಅದನ್ನೇ ಹೊಸ ಉಪ್ಪಿನ ಬದಲು ಡೈಯಿಂಗ್ ಘಟಕಕ್ಕೆ ವಾಪಸ್ ಕೊಟ್ಟರು. ಆವಿ ಮಾಡಬೇಕಾದ ನೀರು ಕಮ್ಮಿಯಾಯಿತು, ಉಪ್ಪಿನ ಖರ್ಚೂ ಉಳಿಯಿತು. ಸುಲಭವಾಗಿ ಹರಳುಗಟ್ಟುತ್ತದೆ ಎಂದು ಅಡುಗೆ ಉಪ್ಪು ಬಿಟ್ಟು ಸೋಡಿಯಂ ಸಲ್ಫೇಟ್‌ಗೆ ಬಂದ ಘಟಕಗಳೂ ಬಹಳ. ಕರೆಂಟ್ ಕಿತ್ತ ಮೇಲೆ ಇದೆಲ್ಲ ಹೊಳೆಯಿತು ಎಂದರೆ, ಮೊದಲೇ ಕಿತ್ತಿದ್ದರೆ ಮೊದಲೇ ಹೊಳೆಯುತ್ತಿತ್ತು ಎಂದು ನನಗನಿಸುತ್ತದೆ.

ಊರು ಮುಳುಗುತ್ತದೆ ಎಂದು ಅಂದು ಎಲ್ಲರೂ ಹೇಳಿದ್ದರು. ಮುಳುಗಲಿಲ್ಲ. ಈಗ ತಿರುಪ್ಪೂರಿನ ರಫ್ತು ವರ್ಷಕ್ಕೆ 30 ಸಾವಿರ ಕೋಟಿಗೂ ಜಾಸ್ತಿ. ಒಂದು ಹನಿ ಕೊಳೆಯೂ ಬಿಡದೆ ತಯಾರಾದ ಬಟ್ಟೆ ಎಂದು ಅದೇ ಮಾಲೀಕರು ವಿದೇಶದ ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಂದು ತಮ್ಮ ಮೇಲೆ ಕೇಸು ಹಾಕಿದ ರೈತರಿಗೆ ಆ ಜಾಹೀರಾತಿನಲ್ಲಿ ಒಂದು ಪಾಲು ಸಲ್ಲಬೇಕು.

2,100 ಎಂಬ ಅಂಕಿ

ಈಗ ಮತ್ತೆ ಅಳತೆಗೋಲಿಗೆ. ತಿರುಪ್ಪೂರಿನ ಪ್ರತಿ ಘಟಕವೂ ಮೊದಲ ದಿನದಿಂದ ನಿಯಮ ಪಾಲಿಸಿತ್ತು ಎಂದೇ ಇಟ್ಟುಕೊಳ್ಳೋಣ. ದಿನಕ್ಕೆ 8 ಕೋಟಿ ಲೀಟರ್, ಲೀಟರಿಗೆ 2,100 ಮಿಲಿಗ್ರಾಂ. ಗುಣಿಸಿ. ದಿನಕ್ಕೆ 168 ಟನ್ ಉಪ್ಪು. ಕಾನೂನಿನ ಪ್ರಕಾರ, ಯಾರ ಮೇಲೂ ಕೇಸಿಲ್ಲದೆ, ಒಣಗಿದ ನದಿಗೆ ದಿನವೂ ಹದಿನಾರು ಹದಿನೇಳು ಲಾರಿ ಉಪ್ಪು ಸುರಿಯಬಹುದಿತ್ತು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ಐದು ದರ್ಜೆ ಮಾಡಿದೆ. ನೀರಾವರಿಗೆ ಯೋಗ್ಯವಾದ ಕೊನೆಯ ದರ್ಜೆಯಲ್ಲಿ ವಿದ್ಯುತ್ ವಾಹಕತೆ (ಇಸಿ; ನೀರಿನಲ್ಲಿ ಉಪ್ಪು ಹೆಚ್ಚಿದಂತೆ ಇದೂ ಏರುತ್ತದೆ) 2,250 ಮೈಕ್ರೋಸೀಮೆನ್ಸ್ ಮೀರಬಾರದು. ಟಿಡಿಎಸ್ ಲೆಕ್ಕದಲ್ಲಿ ಅದು ಸುಮಾರು 1,450. ಅಂದರೆ ಪೈಪಿನ ಬಾಯಲ್ಲಿ 2,100 ಬಿಡಬಹುದು, ಹೊಲಕ್ಕೆ ಹೋಗುವಾಗ 1,450 ಇರಬೇಕು. ನಡುವಿನ ವ್ಯತ್ಯಾಸವನ್ನು ನದಿ ತನ್ನ ಸಿಹಿ ನೀರಿನಿಂದ ಸರಿಮಾಡಿಕೊಳ್ಳುತ್ತದೆ ಎಂಬ ನಂಬಿಕೆ. ನೊಯ್ಯಲ್‌ನಲ್ಲಿ ಸಿಹಿ ನೀರು ಎಲ್ಲಿದೆ? ವರ್ಷವಿಡೀ ತುಂಬಿ ಹರಿಯುವ ನದಿಗೆ ಹೊಲಿಸಿದ ಅಂಗಿಯನ್ನು ಇದಕ್ಕೂ ತೊಡಿಸಿದ್ದರು.

ಇನ್ನೊಂದು ತೊಂದರೆ. ಮಿತಿಯನ್ನು ಲೀಟರಿಗೆ ಇಷ್ಟು ಎಂದು ಇಟ್ಟರೆ, ನೀರು ಬೆರೆಸಿ ತೆಳುಮಾಡಿದವನೂ ಪಾಸಾಗುತ್ತಾನೆ. 8,000 ಇರುವ ಒಂದು ಲೀಟರಿಗೆ ಸುಮಾರು ಮೂರು ಲೀಟರ್ ಒಳ್ಳೆ ನೀರು ಬೆರೆಸಿದರೆ ಮೀಟರ್ ಸರಿ ತೋರಿಸುತ್ತದೆ. ಉಪ್ಪಿನ ತೂಕ ಅಷ್ಟೇ ಇರುತ್ತದೆ, ಒಳ್ಳೆ ನೀರೂ ಹಾಳು. ಬದಲಿಗೆ, ಆರ್‌ಒ ನೀರನ್ನು ಮರುಬಳಕೆ ಮಾಡಿ ಕೊಳೆಯನ್ನು ಕಮ್ಮಿ ಮಾಡಿದವನ ಪೈಪಿನಲ್ಲಿ ಟಿಡಿಎಸ್ ಏರುತ್ತದೆ, ಅವನೇ ನಪಾಸು.

ಬೇರೆ ಕಡೆ ಇದನ್ನು ಬೇರೆ ರೀತಿ ನೋಡಿದ್ದಾರೆ. ಆಸ್ಟ್ರೇಲಿಯಾದ ಮರ್ರೆ ನದಿಗೆ ದಕ್ಷಿಣ ಆಸ್ಟ್ರೇಲಿಯಾದ ಮಾರ್ಗನ್ ಎಂಬ ಊರಿನಲ್ಲಿ ಗುರಿ ಇಟ್ಟಿದ್ದಾರೆ. ಅಲ್ಲಿ ನದಿಯ ಉಪ್ಪಿನಂಶ ನೂರಕ್ಕೆ 95 ಪಾಲು ಕಾಲ 800 ಇಸಿ ಒಳಗಿರಬೇಕು. ಮೇಲಿನ ರಾಜ್ಯ ಯಾವ ಯೋಜನೆ ಮಾಡಿದರೂ ಅದರಿಂದ ಮಾರ್ಗನ್‌ನಲ್ಲಿ ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ, ಆ ರಾಜ್ಯದ ಖಾತೆಗೆ ಖರ್ಚು ಬರೆಯುತ್ತಾರೆ. ಅಮೆರಿಕದ ಕೊಲೊರಾಡೊ ನದಿಗೂ ಹೂವರ್ ಅಣೆಕಟ್ಟಿನ ಕೆಳಗೆ 723, ಪಾರ್ಕರ್ ಅಣೆಕಟ್ಟಿನ ಕೆಳಗೆ 747, ಇಂಪೀರಿಯಲ್ ಅಣೆಕಟ್ಟಿನಲ್ಲಿ 879 ಮಿಲಿಗ್ರಾಂ ಎಂದು ಮಿತಿ ಇದೆ. ಅಲ್ಲಿ ಎಲ್ಲ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಅಳತೆ ನದಿಯಲ್ಲಿದೆ ಎಂಬುದಷ್ಟೇ ನನ್ನ ಮಾತು. ಒರತ್ತುಪಾಳ್ಯಂನಲ್ಲಿ ಇಷ್ಟು ಎಂದು ಒಂದು ಮಿತಿ ಇದ್ದಿದ್ದರೆ, 1981ರಲ್ಲಿದ್ದ 68 ಘಟಕಗಳ ಮೇಲೆ 69ನೆಯದಕ್ಕೆ ಅನುಮತಿ ಕೊಡುವ ಮೊದಲೇ ಯಾರೋ ಗುಣಾಕಾರ ಮಾಡಲೇಬೇಕಾಗುತ್ತಿತ್ತು.

ಇಲ್ಲಿ ಆದದ್ದು ಬೇರೆ. ಕೇಂದ್ರ ಸರ್ಕಾರ 2015ರಲ್ಲಿ ಜವಳಿ ಕಾರ್ಖಾನೆಗಳಿಗೆ ದೇಶವಿಡೀ ಜೀರೋ ಡಿಸ್ಚಾರ್ಜ್ ತರುವ ಕರಡು ಹೊರಡಿಸಿತು. 2016ರ ಅಕ್ಟೋಬರ್‌ನ ಅಂತಿಮ ಅಧಿಸೂಚನೆಯಲ್ಲಿ ಅದು ಸಡಿಲವಾಯಿತು. ಸೂಕ್ಷ್ಮ ಪ್ರದೇಶಗಳಲ್ಲಿ ಬೇಕಾದರೆ ರಾಜ್ಯ ಮಂಡಳಿ ಕಡ್ಡಾಯ ಮಾಡಬಹುದು ಎಂದಾಯಿತು. 2,100 ಹಾಗೇ ಉಳಿಯಿತು. ನಾವು ಮಾತ್ರ ಖರ್ಚು ಮಾಡಬೇಕು, ಬೇರೆ ರಾಜ್ಯದವರು ಸಲೀಸಾಗಿ ನದಿಗೆ ಬಿಡುತ್ತಾರೆ ಎಂಬ ತಿರುಪ್ಪೂರಿನವರ ದೂರಿನಲ್ಲಿ ಹುರುಳಿದೆ. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ ಘಟಕಗಳ ಸುತ್ತಲೂ ಕೊಳೆ ನೀರು, ನೋಟಿಸು, ಸಾಮೂಹಿಕ ಘಟಕ ಕಟ್ಟಿಸಿಕೊಡಿ ಎಂಬ ಬೇಡಿಕೆ ಕೇಳಿಬರುತ್ತಿದೆ. ಅಲ್ಲಿ ಯಾರಾದರೂ ಶುದ್ಧೀಕರಣ ಘಟಕದ ನೀಲಿನಕ್ಷೆ ಹಿಡಿದು ಬಂದರೆ ಮೊದಲು ಕೇಳಬೇಕಾದದ್ದು: ಇದು ಬಣ್ಣ ತೆಗೆಯುತ್ತದೋ, ಉಪ್ಪೂ ತೆಗೆಯುತ್ತದೋ?

ನನ್ನದೊಂದು ಸಣ್ಣ ಸಲಹೆಯೂ ಇದೆ. ಪೈಪಿನ ಬಾಯಲ್ಲಿ ಸ್ಯಾಂಪಲ್ ಹಿಡಿಯುವುದಕ್ಕಿಂತ ಗೋದಾಮಿನ ಬಾಗಿಲಲ್ಲಿ ನಿಂತು ಉಪ್ಪಿನ ಚೀಲ ಎಣಿಸುವುದು ಸುಲಭ. ಒಳಗೆ ಬಂದ ಉಪ್ಪು ಬಟ್ಟೆಗೆ ಹೋಗುವುದಿಲ್ಲ ಎಂದು ಮೊದಲೇ ನೋಡಿದೆವು. ತಿಂಗಳಿಗೆ 10 ಟನ್ ಉಪ್ಪು ಕೊಂಡ ಘಟಕ 10 ಟನ್ ಉಪ್ಪು ಎಲ್ಲಿಟ್ಟಿದೆ ಎಂದು ತೋರಿಸಲಿ. ಬಿಲ್ಲಿದೆ, ಜಿಎಸ್‌ಟಿ ಲೆಕ್ಕವಿದೆ. ರಾತ್ರಿ ಎರಡು ಗಂಟೆಗೆ ಹಳ್ಳದ ಬದಿ ಟಾರ್ಚ್ ಹಿಡಿದು ನಿಲ್ಲುವ ಕೆಲಸವೇ ಬೇಡ.

ತಿರುಪ್ಪೂರಿನಲ್ಲಿ ಈ ಲೆಕ್ಕ ಇನ್ನೂ ಪೂರ್ತಿ ಕೂಡಿಲ್ಲ. ಮರುಬಳಕೆಗೆ ಬಾರದ ಮಿಶ್ರ ಉಪ್ಪು, ಶುದ್ಧೀಕರಣದ ಕೆಸರು ಘಟಕಗಳ ಶೆಡ್ಡುಗಳಲ್ಲಿ ಚೀಲ ಚೀಲ ಬಿದ್ದಿದೆ. ಅಪಾಯಕಾರಿ ತ್ಯಾಜ್ಯ ಎಂಬ ಪಟ್ಟಿಯಲ್ಲಿರುವುದರಿಂದ ಕಂಡಲ್ಲಿ ಎಸೆಯುವಂತಿಲ್ಲ. ಕೆಸರನ್ನು ಸ್ವಲ್ಪ ಸ್ವಲ್ಪವಾಗಿ ಸಿಮೆಂಟ್ ಕಾರ್ಖಾನೆಗಳಿಗೆ ಕಳಿಸುತ್ತಾರೆ. ಮಿಶ್ರ ಉಪ್ಪಿಗೆ ಗಿರಾಕಿ ಇಲ್ಲ. ಆವಿ ಯಂತ್ರಗಳ ಬಾಯ್ಲರಿಗೆ ಸೌದೆ ಬೇಕು, ಅದು ಬೇರೆ ಕತೆ. ಮಳೆ ಜೋರಾದ ದಿನ ನದಿಯಲ್ಲಿ ಬಣ್ಣದ ನೊರೆ ಕಂಡಿತೆಂಬ ದೂರುಗಳೂ ನಿಂತಿಲ್ಲ. ಒರತ್ತುಪಾಳ್ಯಂನಲ್ಲಿ ಈಗಲೂ ಮಾಮೂಲಿ ಅಣೆಕಟ್ಟಿನಂತೆ ನೀರು ನಿಲ್ಲಿಸುವುದಿಲ್ಲ. ಹೊಸ ನೀರು ಬಂದಾಗ ಸಿಬ್ಬಂದಿ ಎಷ್ಟು ಅಡಿ ಎಂದು ನೋಡುವುದರ ಜೊತೆಗೆ ಟಿಡಿಎಸ್ ಎಷ್ಟು ಎಂದೂ ಅಳೆದು ಬರೆದಿಡುತ್ತಾರೆ.